ಸಕ್ಕರೆ ಗಂಟು ಕಟ್ಟುವುದೇಕೆ?

ಮಂಗಳೂರಿನ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಮೊದಲು ಉಪ್ಪು ನೀರೊಡೆಯುತ್ತದೆ, ಬೆಲ್ಲ ಜಿನುಗತೊಡಗುತ್ತದೆ. ಸಕ್ಕರೆಯ ಸರದಿ ಅನಂತರ. ಬಿಡಿಬಿಡಿಯಾಗಿದ್ದ ಹರಳುಗಳು ಡಬ್ಬಿಯಲ್ಲಿ ಕಲ್ಲಿನಂತೆ ಒಂದಾಗಿರುವುದನ್ನು ಕಂಡು, ಅಂಗಡಿಯವನು ನೀರು ಚಿಮುಕಿಸಿ ತೂಗಿದನೆಂದು ಶಂಕಿಸುವವರುಂಟು. ಕೆಟ್ಟುಹೋಯಿತೆಂದು ಚೆಲ್ಲುವವರೂ ಉಂಟು. ಅಂಗಡಿಯವನ ಮೇಲೆ ದೂರು ಹೊರಿಸುವ ಮೊದಲು ಗಾಳಿಯನ್ನು ವಿಚಾರಿಸುವುದು ಲೇಸು.

ಗಾಳಿಯಲ್ಲಿ ನೀರಿನ ಆವಿ ಸದಾ ಇರುತ್ತದೆ. ಆಯಾ ಉಷ್ಣತೆಯಲ್ಲಿ ಇರಬಹುದಾದ ಗರಿಷ್ಠ ಆವಿಯಲ್ಲಿ ಶೇಕಡ ಎಷ್ಟು ಪಾಲು ಇದೆಯೆಂಬುದೇ ಸಾಪೇಕ್ಷ ಆರ್ದ್ರತೆ. ಸಕ್ಕರೆಯ ಪರ್ಯಾಪ್ತ ದ್ರಾವಣದ ಆವಿಯ ಒತ್ತಡವು ಶುದ್ಧ ನೀರಿನದರ ಸುಮಾರು ಶೇಕಡ 85ರಷ್ಟು ಮಾತ್ರ. ಆದುದರಿಂದ ಆರ್ದ್ರತೆ ಈ ಮಿತಿಯನ್ನು ಮೀರಿದರೆ ಸಕ್ಕರೆ ತೇವವನ್ನು ಹೀರುತ್ತದೆ. ಅದಕ್ಕಿಂತ ಕೆಳಗೆ ಬಹುಮಟ್ಟಿಗೆ ಒಣಗಿಯೇ ಇರುತ್ತದೆ. ಶುದ್ಧವಾದ ಉಪ್ಪಿಗೆ ಈ ಮಿತಿ ಸುಮಾರು 75. ಬೆಲ್ಲದಲ್ಲಿ ಗ್ಲೂಕೋಸ್, ಫ್ರಕ್ಟೋಸ್‌ಗಳೂ ಬೆರೆತಿರುವುದರಿಂದ ಅದೂ ಸಕ್ಕರೆಗಿಂತ ಮೊದಲೇ ಸೋಲುತ್ತದೆ.

ಮಿತಿ ಮೀರಿದಾಗ ಪ್ರತಿಯೊಂದು ಹರಳಿನ ಮೈಮೇಲೂ ತೆಳುವಾದ ಪಾಕದ ಪೊರೆಯೊಂದು ಮೂಡುತ್ತದೆ. ವಿಚಿತ್ರವೆಂದರೆ, ಗಂಟು ಬಿಗಿಯುವುದು ಆಗ ಅಲ್ಲ. ಮಳೆ ಹೊಳವಾಗಿ ಗಾಳಿ ಒಣಗಿತೆನ್ನಿ: ಪಾಕದೊಳಗಿನ ನೀರು ಆವಿಯಾಗಿ ಹೋಗುತ್ತದೆ, ಕರಗಿದ್ದ ಸಕ್ಕರೆ ಹರಳುಗಳ ಸಂದಿನಲ್ಲಿ ಮತ್ತೆ ಹರಳುಗಟ್ಟಿ, ಇಟ್ಟಿಗೆಗಳ ನಡುವಣ ಗಾರೆಯಂತೆ ಅವನ್ನು ಬೆಸೆಯುತ್ತದೆ. ಹೀಗೆ ನೆನೆಯುವುದೂ ಒಣಗುವುದೂ ನಾಲ್ಕಾರು ಬಾರಿ ನಡೆದರೆ ಚಮಚ ಇಳಿಯದು.

ಹಾಗಾದರೆ ಮುಚ್ಚಿದ ಡಬ್ಬಿಯೊಳಗಣ ಗಾಳಿ ಸಾಕೇ ಇಷ್ಟಕ್ಕೆ? ಲೆಕ್ಕ ಹಾಕಿ ನೋಡೋಣ. 30 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಒಂದು ಲೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 30 ಮಿಲಿಗ್ರಾಂ ಆವಿ ಇರಬಹುದು. ಒದ್ದೆ ಚಮಚದಿಂದ ಜಾರುವ ಒಂದೇ ಹನಿ ಸುಮಾರು 50 ಮಿಲಿಗ್ರಾಂ ತೂಗುತ್ತದೆ. ಅದು ತನ್ನ ತೂಕದ ಎರಡರಷ್ಟು ಸಕ್ಕರೆಯನ್ನು ಕರಗಿಸಬಲ್ಲುದು. ಡಬ್ಬಿಯಲ್ಲಿ ಸೆರೆಸಿಕ್ಕ ಗಾಳಿಗಿಂತ ಚಮಚವೇ ದೊಡ್ಡ ಅಪರಾಧಿ! ಮುಚ್ಚಳ ಸಡಿಲವಾಗಿದ್ದರೆ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ. ಹೊಸ ಗಾಳಿ ಹೊಸ ತೇವವನ್ನು ತರುತ್ತಲೇ ಇರುತ್ತದೆ. ಆದುದರಿಂದ ಬಿಗಿಯಾದ ಮುಚ್ಚಳದ ಡಬ್ಬಿ, ಒಣಗಿದ ಚಮಚ, ಅನ್ನದ ಪಾತ್ರೆಯ ಹಬೆ ತಾಗದ ಸ್ಥಳ, ಇಷ್ಟು ಬೇಕು. ನಿತ್ಯದ ಬಳಕೆಗೆ ಚಿಕ್ಕ ಡಬ್ಬಿಯೊಂದನ್ನು ಬೇರೆ ಇಡುವುದು ಒಳ್ಳೆಯದು. ರೆಫ್ರಿಜರೇಟರಿನಲ್ಲಿ ಇಡುವುದಂತೂ ಬೇಡ. ತಣ್ಣಗಿನ ಡಬ್ಬಿಯನ್ನು ಹೊರತೆಗೆದು ತೆರೆದೊಡನೆ ಗಾಳಿಯ ಆವಿ ಸಕ್ಕರೆಯ ಮೇಲೆಯೇ ಇಬ್ಬನಿಯಾಗುತ್ತದೆ. ಲವಂಗ ಹಾಕಿಡುವ ರೂಢಿ ಇರುವೆಯ ಕಾಟಕ್ಕಾಗಿ. ತೇವವನ್ನು ಅದು ತಡೆಯಲಾರದು.

ಗಂಟು ಕಟ್ಟಿದ್ದು ಕೆಟ್ಟ ಸಕ್ಕರೆಯಲ್ಲ. ಅಷ್ಟು ಗಟ್ಟಿಯಾದ ಪಾಕದಿಂದ ಹೆಚ್ಚಿನ ಸೂಕ್ಷ್ಮಜೀವಿಗಳು ತಮಗೆ ಬೇಕಾದ ನೀರನ್ನು ಸೆಳೆದುಕೊಳ್ಳಲಾರವು. ಕುಟ್ಟಿ ಪುಡಿಮಾಡಿಕೊಳ್ಳಬಹುದು, ಇಲ್ಲವೆ ಗಂಟನ್ನೇ ಕಾಫಿಗೆ ಹಾಕಬಹುದು.