ಮೂವತ್ತು ಗಂಟೆಯ ಕೋರ್ಸಿಗೆ ಎಷ್ಟು ಗಂಟೆ ಬೇಕು?

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮಿನಲ್ಲಿ ಎಂಟನೇ ಸೆಮಿಸ್ಟರ್ ಕಾಗದದ ಮೇಲೆ ಬಹಳ ಹಗುರವಾಗಿ ಕಾಣುತ್ತದೆ. ಆನ್‌ಲೈನಿನಲ್ಲೇ ಮುಗಿಸಬೇಕಾದ ಎರಡು ಎಲೆಕ್ಟಿವ್‌ಗಳಿವೆ, ತಲಾ 3 ಕ್ರೆಡಿಟ್. ಜೊತೆಗೆ 10 ಕ್ರೆಡಿಟ್‌ನ ಇಂಟರ್ನ್‌ಶಿಪ್. ಅಷ್ಟೇ. ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ಹೊಸಹೊಳಲಿನ ಹುಡುಗನೊಬ್ಬ ಈ ಪಟ್ಟಿ ನೋಡಿ ಏನು ಲೆಕ್ಕ ಹಾಕುತ್ತಾನೆ? ಐಐಟಿಗಳ ಆನ್‌ಲೈನ್ ಕೋರ್ಸ್ ವೇದಿಕೆಯಾದ ಎನ್‌ಪಿಟಿಇಎಲ್‌ನ 12 ವಾರದ ಕೋರ್ಸ್ ಎಂದರೆ ಸುಮಾರು 30 ಗಂಟೆಯ ವಿಡಿಯೋ. ಎರಡಕ್ಕೆ 60 ಗಂಟೆ. ವಾರಕ್ಕೆ 5 ಗಂಟೆ ಬಂತು. ಬೆಂಗಳೂರಿನಲ್ಲಿ ಇಂಟರ್ನ್‌ಶಿಪ್ ಮಾಡಿಕೊಂಡು, ಭಾನುವಾರ ಒಂದು ದಿನ ಕೂತರೆ ಮುಗಿಯಿತಲ್ಲ!

ಮುಗಿಯುವುದಿಲ್ಲ. ಮೂರನೇ ವಾರದ ಹೊತ್ತಿಗೆ ಎರಡು ಅಸೈನ್‌ಮೆಂಟ್ ಬಾಕಿ ಬಿದ್ದಿರುತ್ತವೆ. ಗಡುವಿನ ದಿನ ರಾತ್ರಿ 11 ಗಂಟೆಗೆ ಗೆಳೆಯರ ಗುಂಪಿನಲ್ಲಿ ‘ಉತ್ತರ ಯಾರ ಹತ್ರ ಇದೆ?’ ಎಂಬ ಮೆಸೇಜು ಹರಿದಾಡುತ್ತದೆ. ಹುಡುಗ ಸೋಮಾರಿಯಲ್ಲ. ಅವನು ಎಣಿಸಿದ್ದು ವಿಡಿಯೋದ ಗಂಟೆಯನ್ನು. ಕಲಿಕೆಯ ಗಂಟೆಯನ್ನು ಯಾರೂ ಅವನಿಗೆ ಹೇಳಿರಲಿಲ್ಲ.

ಸರ್ಕಾರದ ಲೆಕ್ಕವೇ ಬೇರೆ

ತಮಾಷೆಯೆಂದರೆ, ಅಧಿಕೃತ ಕಾಗದಗಳಲ್ಲೇ ಆ ಲೆಕ್ಕವಿದೆ. 2023ರಲ್ಲಿ ಹೊರಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ವರ್ಷದ ಓದು ಎಂದರೆ 1200 ಗಂಟೆಯ ಕಲಿಕೆ, 40 ಕ್ರೆಡಿಟ್. ಅಂದರೆ ಒಂದು ಕ್ರೆಡಿಟ್‌ಗೆ 30 ಗಂಟೆ. ಪಾಠ ಕೇಳುವುದರ ಜೊತೆಗೆ ಓದು, ಅಭ್ಯಾಸ, ಪ್ರಯೋಗ, ಪರೀಕ್ಷೆಯ ತಯಾರಿ ಎಲ್ಲವೂ ಇದರೊಳಗೇ ಬರುತ್ತವೆ. ಈ ಅಳತೆಗೋಲನ್ನು ನಮ್ಮ ಹುಡುಗನ ಕೋರ್ಸಿಗೆ ಹಿಡಿಯಿರಿ. 3 ಕ್ರೆಡಿಟ್‌ನ ಒಂದು ಕೋರ್ಸಿಗೆ 90 ಗಂಟೆ, ಎರಡಕ್ಕೆ 180 ಗಂಟೆ. 12 ವಾರಕ್ಕೆ ಹಂಚಿದರೆ ವಾರಕ್ಕೆ 15 ಗಂಟೆ. ಅವನು ಎತ್ತಿಟ್ಟಿದ್ದು 5 ಗಂಟೆ.

ಮೂರು ಪಟ್ಟಿನ ಈ ವ್ಯತ್ಯಾಸ ಕಾಗದದ್ದು ಮಾತ್ರವಲ್ಲ. ಅರ್ಧ ಗಂಟೆಯ ಒಂದು ಪಾಠವನ್ನು ನಿಜವಾಗಿ ಕಲಿಯಲು ಕೂತವರನ್ನು ಪಕ್ಕದಲ್ಲಿ ನಿಂತು ನೋಡಿ. ನಾಲ್ಕನೇ ನಿಮಿಷಕ್ಕೆ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಸಮೀಕರಣ ಬರೆಯುತ್ತಾರೆ. ವಿಡಿಯೋ ನಿಲ್ಲುತ್ತದೆ, ಪುಸ್ತಕಕ್ಕೆ ಇಳಿಸಿಕೊಳ್ಳಬೇಕು. ಏಳನೇ ನಿಮಿಷದಲ್ಲಿ ಇಂಗ್ಲಿಷಿನ ಒಂದು ವಾಕ್ಯ ಕಿವಿಗೆ ಸರಿಯಾಗಿ ಬೀಳುವುದಿಲ್ಲ. ಹತ್ತು ಸೆಕೆಂಡ್ ಹಿಂದಕ್ಕೆ, ಮತ್ತೆ ಹತ್ತು ಸೆಕೆಂಡ್ ಹಿಂದಕ್ಕೆ. ಹನ್ನೊಂದನೇ ನಿಮಿಷದಲ್ಲಿ ‘ಹಿಂದಿನ ಪಾಠದಲ್ಲಿ ನೋಡಿದಂತೆ’ ಎಂಬ ಮಾತು ಬರುತ್ತದೆ. ಹಿಂದಿನ ಪಾಠದಲ್ಲಿ ಏನು ನೋಡಿದ್ದು ಎಂದು ಹುಡುಕಬೇಕು. ಅಷ್ಟರಲ್ಲಿ ನೆಟ್ ಸುತ್ತಲು ಶುರುವಾಗುತ್ತದೆ. ಅರ್ಧ ಗಂಟೆಯ ಪಾಠ ಮುಗಿದಾಗ ಗಡಿಯಾರದಲ್ಲಿ ಒಂದು ಗಂಟೆ ದಾಟಿರುತ್ತದೆ, ಅಸೈನ್‌ಮೆಂಟ್ ಇನ್ನೂ ಮುಟ್ಟಿರುವುದಿಲ್ಲ.

ಹೊಸಹೊಳಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಯ್ಸಳ ವೀರ ಸೋಮೇಶ್ವರನ ಕಾಲದ, ಸುಮಾರು 1250ರ ಲಕ್ಷ್ಮೀನಾರಾಯಣ ದೇವಸ್ಥಾನ ಅವರ ಊರಿನಲ್ಲೇ ಇದೆ. ಜಗತಿಯ ಮೇಲೆ ಒಂದು ಸುತ್ತು ಹಾಕಲು ಹತ್ತು ನಿಮಿಷ ಬೇಡ. ಕಾರಿನಲ್ಲಿ ಬಂದವರು ಹಾಗೆಯೇ ಸುತ್ತಿ ಫೋಟೋ ತೆಗೆದುಕೊಂಡು ಹೊರಡುತ್ತಾರೆ. ಆದರೆ ಗೋಡೆಯ ಬುಡದಲ್ಲಿ ಆನೆ, ಕುದುರೆ ಸವಾರರು, ಬಳ್ಳಿ, ಪುರಾಣ ಕಥೆ, ಮಕರ, ಹಂಸ ಎಂದು ಸಾಲು ಸಾಲಾಗಿ ಕೆತ್ತಿದ್ದನ್ನು, ಅದರಲ್ಲೂ ರಾಮಾಯಣ, ಮಹಾಭಾರತದ ಪಟ್ಟಿಕೆಗಳನ್ನು ಒಂದೊಂದೇ ಗುರುತಿಸುತ್ತಾ ಹೋದರೆ ಅರ್ಧ ದಿನವೂ ಸಾಲದು. ದೂರ ಎರಡಕ್ಕೂ ಒಂದೇ. ಕೋರ್ಸಿನ ಮೇಲೆ ಬರೆದಿರುವ ಗಂಟೆ ಆ ಸುತ್ತಿನ ದೂರವನ್ನಷ್ಟೇ ಹೇಳುತ್ತದೆ.

ಗಡಿಯಾರ ಕೈ ಬದಲಾಯಿಸಿದ್ದು

ಹಿಂದೆ ಈ ತೊಂದರೆ ಇರಲಿಲ್ಲ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆ ಪಂಚಾಯಿತಿ ಸದಸ್ಯರಿಗೆ ಉಪಗ್ರಹದ ಮೂಲಕ ತರಬೇತಿ ಕೊಡುತ್ತಿದ್ದಾಗ ಸ್ಟುಡಿಯೋದಲ್ಲಿ ಕಾರ್ಯಕ್ರಮ ಶುರುವಾದರೆ ತಾಲ್ಲೂಕಿನಲ್ಲೂ ಶುರು, ಅಲ್ಲಿ ಮುಗಿದರೆ ಇಲ್ಲೂ ಮುಕ್ತಾಯ. 2004ರಲ್ಲಿ ಹಾರಿದ ಎಜುಸ್ಯಾಟ್ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠ ಬಂದಾಗಲೂ ಹಾಗೆಯೇ. ಅರ್ಥವಾಯಿತೋ ಇಲ್ಲವೋ, ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು. ಗಡಿಯಾರ ಪಾಠ ಹೇಳುವವರ ಕೈಯಲ್ಲಿತ್ತು.

ಈಗ ಅದು ಕಲಿಯುವವರ ಕೈಗೆ ಬಂದಿದೆ. ಯಾವಾಗ ಬೇಕಾದರೂ ಕಲಿಯಿರಿ ಎನ್ನುತ್ತಾರೆ. ಅದರ ಜೊತೆಗೇ, ಎಷ್ಟು ಹೊತ್ತು ಬೇಕು ಎಂದು ಅಂದಾಜು ಮಾಡುವ ಹೊಣೆಯೂ ನಮ್ಮ ಹೆಗಲಿಗೆ ಬಂದಿದೆ. ಅಂದಾಜು ಮಾಡುವುದರಲ್ಲಿ ಮನುಷ್ಯ ಬಹಳ ಕಚ್ಚಾ. 1994ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞರು ಪದವಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನಕ್ಕೆ ಮುಗಿಸುತ್ತೀರಿ ಎಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೈಕೊಟ್ಟರೆ ಎಷ್ಟು ದಿನ ಎಂದಾಗ ಸುಮಾರು 49 ಎಂದರು. ನಿಜಕ್ಕೂ ಹಿಡಿದದ್ದು ಸರಾಸರಿ 55 ದಿನಕ್ಕೂ ಹೆಚ್ಚು. ಕೆಟ್ಟ ಕಾಲವನ್ನು ಊಹಿಸಿಕೊಂಡು ಹಾಕಿದ ಲೆಕ್ಕವೂ ಸಾಲಲಿಲ್ಲ. ಕೆಲಸವನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವಾಗ ನಾವು ಕೆಲಸವನ್ನು ಮಾತ್ರ ಚಿತ್ರಿಸಿಕೊಳ್ಳುತ್ತೇವೆ. ಅತ್ತೆಯ ಮನೆಯ ಗೃಹಪ್ರವೇಶ, ಜ್ವರ, ಕರೆಂಟ್ ಹೋದ ಸಂಜೆ ಅದರಲ್ಲಿ ಇರುವುದಿಲ್ಲ.

ಮಂಡ್ಯ ಸೀಮೆಯಲ್ಲಂತೂ ಕ್ಯಾಲೆಂಡರೇ ಅಡ್ಡ ನಿಲ್ಲುತ್ತದೆ. ಎನ್‌ಪಿಟಿಇಎಲ್‌ನ ಒಂದು ಸುತ್ತು ಜುಲೈನಿಂದ ಅಕ್ಟೋಬರ್‌ವರೆಗೆ. ನಾಲೆಗೆ ನೀರು ಬಿಟ್ಟರೆ ಅದೇ ನಾಟಿಯ ಕಾಲ. ವರಮಹಾಲಕ್ಷ್ಮಿ, ಗೌರಿ–ಗಣೇಶ, ಪಿತೃಪಕ್ಷ, ದಸರಾ ಎಲ್ಲವೂ ಅದರೊಳಗೇ ಬರುತ್ತವೆ. ಪಾಂಡವಪುರದ ಕಡೆಯ ಹುಡುಗಿಯೊಬ್ಬಳು 12 ವಾರದ ಕೋರ್ಸಿಗೆ ಸೇರಿದರೆ ಅವಳ ಕೈಗೆ ಪೂರ್ತಿಯಾಗಿ ಸಿಗುವುದು ಎಂಟೋ ಒಂಬತ್ತೋ ವಾರ. ಎನ್‌ಪಿಟಿಇಎಲ್ ಇದನ್ನು ಸ್ವಲ್ಪ ಮಟ್ಟಿಗೆ ಅರಿತಿದೆ. 12 ಅಸೈನ್‌ಮೆಂಟ್‌ಗಳಲ್ಲಿ ಚೆನ್ನಾಗಿ ಬಂದ 8ನ್ನು ಮಾತ್ರ ಅಂಕಕ್ಕೆ ಎಣಿಸುತ್ತದೆ. ಆ ನಾಲ್ಕು ವಾರಗಳ ರಿಯಾಯಿತಿಯನ್ನು ಮೊದಲ ತಿಂಗಳಲ್ಲೇ ಖರ್ಚು ಮಾಡಿಕೊಳ್ಳುವವರೇ ಹೆಚ್ಚು.

ಮೇಷ್ಟ್ರುಗಳ ಮೊಬೈಲಿನಲ್ಲಿ

ಇದು ವಿದ್ಯಾರ್ಥಿಗಳದ್ದಷ್ಟೇ ಕಥೆಯಲ್ಲ. 2020ರ ಅಕ್ಟೋಬರ್‌ನಲ್ಲಿ, ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ, ಶಿಕ್ಷಕರ ‘ನಿಷ್ಠಾ’ ತರಬೇತಿ ದೀಕ್ಷಾ ವೇದಿಕೆಯ ಮೂಲಕ ಆನ್‌ಲೈನಿಗೆ ಬಂತು. ಪ್ರಾಥಮಿಕ ಹಂತಕ್ಕೆ 18 ಮಾಡ್ಯೂಲ್, ಒಂದೊಂದಕ್ಕೆ 3ರಿಂದ 4 ಗಂಟೆ. ಒಟ್ಟು ಕೂಡಿಸಿದರೆ 54ರಿಂದ 72 ಗಂಟೆ. ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಯ ವೃತ್ತಿ ತರಬೇತಿ ಸಿಗಬೇಕು ಎಂದು ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತ್ತು. ಸಂಖ್ಯೆಗಳು ಒಂದಕ್ಕೊಂದು ಚೆನ್ನಾಗಿಯೇ ಹೊಂದಿಕೊಂಡವು.

ಆದರೆ ವಿಡಿಯೋ ಓಡಿಸಿಬಿಟ್ಟು ಅಡುಗೆ ಮನೆಗೆ ಹೋದವರಿಗೂ, ಕೂತು ಟಿಪ್ಪಣಿ ಮಾಡಿಕೊಂಡು ಮರುದಿನದ ಪಾಠಕ್ಕೆ ಬಳಸಿದವರಿಗೂ ಮೊಬೈಲಿನಲ್ಲಿ ತೋರಿಸುವುದು ಅದೇ ನೂರು ಪರ್ಸೆಂಟು. ‘ಪ್ಲೇ ಹಾಕಿ ಬಿಟ್ಟಿದ್ದೆ, ಸರ್ಟಿಫಿಕೇಟ್ ಬಂತು’ ಎಂಬ ಮಾತನ್ನು ಯಾವ ಶಿಕ್ಷಕರ ಕೋಣೆಯಲ್ಲೂ ಕೇಳಬಹುದು. ಗಂಟೆಗಳನ್ನು ತುಂಬಿಸುವುದೇ ಗುರಿಯಾದರೆ ಜನ ಗಂಟೆಗಳನ್ನೇ ತುಂಬಿಸುತ್ತಾರೆ. ಇದು ಹಳೆಯ ರೋಗ. ಅಮೆರಿಕದಲ್ಲಿ 1906ರ ಹೊತ್ತಿಗೆ ಕಾರ್ನೆಗಿ ಪ್ರತಿಷ್ಠಾನ ಪ್ರೊಫೆಸರುಗಳಿಗೆ ಪಿಂಚಣಿ ಕೊಡಲು ಹೊರಟಾಗ, ಯಾವುದನ್ನು ಕಾಲೇಜು ಎನ್ನಬೇಕು ಎಂದು ತೀರ್ಮಾನಿಸಲು ಹೈಸ್ಕೂಲಿನ 120 ಗಂಟೆಯ ಪಾಠಕ್ಕೆ ಒಂದು ಯೂನಿಟ್ ಎಂಬ ಅಳತೆ ಬಳಕೆಗೆ ಬಂತು. ಲೆಕ್ಕಪತ್ರದ ಅನುಕೂಲಕ್ಕೆ ಹುಟ್ಟಿದ ಅಳತೆಯನ್ನು ಜಗತ್ತು ಕಲಿಕೆಯ ಅಳತೆ ಎಂದು ಹೆಗಲಿಗೇರಿಸಿಕೊಂಡಿತು.

ಅಂದಾಜು ತಪ್ಪುವುದೆಲ್ಲಿ

ಕೋರ್ಸ್ ರೂಪಿಸುವವರು ಹೇಗೆ ಲೆಕ್ಕ ಹಾಕುತ್ತಾರೆ? ವಿಡಿಯೋಗಳ ಉದ್ದ ಕೂಡಿಸುತ್ತಾರೆ. ಓದುವ ಪುಟಗಳಿದ್ದರೆ ಪದಗಳನ್ನು ಎಣಿಸಿ, ನಿಮಿಷಕ್ಕೆ ಇಷ್ಟು ಪದ ಎಂದು ಭಾಗಿಸುತ್ತಾರೆ. ಇಂಗ್ಲಿಷಿನಲ್ಲಿ ವಯಸ್ಕರು ಮೌನವಾಗಿ ಓದುವ ಸರಾಸರಿ ವೇಗ ನಿಮಿಷಕ್ಕೆ ಸುಮಾರು 238 ಪದ ಎಂದು 2019ರ ಒಂದು ವಿಶ್ಲೇಷಣೆ ಹೇಳಿದೆ. ಇದೇ ಸಂಖ್ಯೆಯನ್ನು ಕನ್ನಡದ ಪುಟಕ್ಕೆ ಹಚ್ಚಿದರೆ ಲೆಕ್ಕ ಅಲ್ಲೇ ಕೆಡುತ್ತದೆ. ಪ್ರತ್ಯಯಗಳನ್ನೆಲ್ಲ ಮೈಗೆ ಅಂಟಿಸಿಕೊಂಡ ನಮ್ಮ ಪದಗಳು ಉದ್ದ. ಸಾವಿರ ಪದದ ಕನ್ನಡ ಲೇಖನಕ್ಕೆ ಸಾವಿರ ಪದದ ಇಂಗ್ಲಿಷ್ ಲೇಖನಕ್ಕಿಂತ ಹೆಚ್ಚು ಹೊತ್ತು ಬೇಕು. ಮೇಲಾಗಿ ಅದು ಸರಾಗವಾದ ಓದಿನ ವೇಗ. ಪಠ್ಯ ಹೊಸದಾಗಿದ್ದರೆ, ಪರಿಭಾಷೆ ಗಡುಸಾಗಿದ್ದರೆ ಅರ್ಧಕ್ಕಿಂತ ಕೆಳಗೆ ಇಳಿದರೂ ಆಶ್ಚರ್ಯವಿಲ್ಲ.

ಗಮನವೂ ಗಂಟೆಗಟ್ಟಲೆ ನಿಲ್ಲುವುದಿಲ್ಲ. ಎಡ್‌ಎಕ್ಸ್ ವೇದಿಕೆಯಲ್ಲಿ ವಿಡಿಯೋ ನೋಡಿದ 69 ಲಕ್ಷ ದಾಖಲೆಗಳನ್ನು 2014ರಲ್ಲಿ ಜಾಲಾಡಿದ ಸಂಶೋಧಕರಿಗೆ ಕಂಡದ್ದು, ವಿಡಿಯೋ ಎಷ್ಟೇ ಉದ್ದವಿರಲಿ, ಜನ ಸಾಮಾನ್ಯವಾಗಿ ಒಟ್ಟಿಗೆ ನೋಡುವುದು ಹೆಚ್ಚೆಂದರೆ 6 ನಿಮಿಷ. ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯನ್ನು ಈ ದೃಷ್ಟಿಯಿಂದ ನೋಡಬೇಕು. ಸಾಫ್ಟ್‌ವೇರ್ ಕಲಿಸುವ ಅದರ ಪಾಠಗಳು ಸುಮಾರು 10 ನಿಮಿಷದವು, ಅನೇಕವು ಕನ್ನಡ ಧ್ವನಿಯಲ್ಲೂ ಸಿಗುತ್ತವೆ. ಪರದೆಯ ಒಂದು ಬದಿಯಲ್ಲಿ ಪಾಠ, ಇನ್ನೊಂದು ಬದಿಯಲ್ಲಿ ಸಾಫ್ಟ್‌ವೇರ್. ವಿಡಿಯೋ ನಿಲ್ಲಿಸಿ, ತೋರಿಸಿದ್ದನ್ನು ನೀವೇ ಮಾಡಿ ನೋಡಿ ಎಂಬುದು ಅದರ ಪದ್ಧತಿ. ಹಾಗಾಗಿ 10 ನಿಮಿಷದ ಪಾಠ 10 ನಿಮಿಷಕ್ಕೆ ಮುಗಿದಿದ್ದರೆ ಅದನ್ನು ಮಾಡಿಲ್ಲ ಎಂದೇ ಅರ್ಥ.

ನಿಮ್ಮ ಲೆಕ್ಕ ನೀವೇ ಹಾಕಿ

ಹಾಗಾದರೆ ಸೇರುವ ಮೊದಲು ಅಂದಾಜು ಮಾಡುವುದು ಹೇಗೆ? ದೊಡ್ಡ ವಿದ್ಯೆಯೇನೂ ಬೇಡ.

ಮೊದಲನೆಯದು, ಒಂದು ಘಟಕವನ್ನು ಪ್ರಾಮಾಣಿಕವಾಗಿ ಮಾಡಿ ನೋಡುವುದು. ಪರಿಚಯದ ವಾರವನ್ನು ಬಿಡಿ, ಅದು ಯಾವಾಗಲೂ ಸುಲಭ. ಎರಡನೇ ಅಥವಾ ಮೂರನೇ ವಾರದ ಒಂದು ಪಾಠ ಹಿಡಿಯಿರಿ. ವಿಡಿಯೋ, ಟಿಪ್ಪಣಿ, ಪ್ರಶ್ನೆಗಳು ಎಲ್ಲ ಮುಗಿಯುವವರೆಗೆ ಎಷ್ಟು ಹೊತ್ತಾಯಿತು ಎಂದು ಬರೆದಿಡಿ. ಅದನ್ನು ವಿಡಿಯೋದ ಉದ್ದದಿಂದ ಭಾಗಿಸಿ. ಬರುವ ಸಂಖ್ಯೆ ನಿಮ್ಮದು. ಗೊತ್ತಿರುವ ವಿಷಯವಾದರೆ ಒಂದೂವರೆ ಬರಬಹುದು, ಗಣಿತ ಹೆಚ್ಚಿದ್ದರೆ ನಾಲ್ಕು ದಾಟಬಹುದು. ಕೋರ್ಸಿನ ಒಟ್ಟು ಗಂಟೆಯನ್ನು ಅದರಿಂದ ಗುಣಿಸಿ.

ಎರಡನೆಯದು, ಪರೀಕ್ಷೆಯನ್ನು ಬೇರೆಯಾಗಿ ಎಣಿಸುವುದು. ಎನ್‌ಪಿಟಿಇಎಲ್‌ನಲ್ಲಿ ಅಸೈನ್‌ಮೆಂಟಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಮುಕ್ಕಾಲು ಪಾಲು ಅಂಕ ಇರುವುದಕ್ಕೆ ಮುಕ್ಕಾಲು ಪಾಲು ಜನ ಸಮಯವನ್ನೇ ಇಟ್ಟುಕೊಂಡಿರುವುದಿಲ್ಲ. ಕೇಂದ್ರ ಮೈಸೂರಿನಲ್ಲಿ ಬಿದ್ದರೆ ಹೊಸಹೊಳಲಿನಿಂದ ಹೋಗಿಬರುವ ದಿನವೂ ಲೆಕ್ಕಕ್ಕೆ ಸೇರಬೇಕು.

ಮೂರನೆಯದು, ಕ್ಯಾಲೆಂಡರಿನಲ್ಲಿ ನಿಮಗೆ ಸಿಗದ ವಾರಗಳನ್ನು ಮೊದಲೇ ಹೊಡೆದುಹಾಕುವುದು. ಉಳಿದ ವಾರಗಳಿಗೆ ಗಂಟೆ ಹಂಚಿ. ವಾರಕ್ಕೆ ಬರುವ ಸಂಖ್ಯೆ ನಿಮ್ಮ ಖಾಲಿ ಸಂಜೆಗಳಿಗೆ ಮೀರಿದ್ದರೆ ಎರಡು ಕೋರ್ಸಿನ ಬದಲು ಒಂದು, ಅಥವಾ 12 ವಾರದ ಬದಲು 4 ವಾರದ್ದನ್ನು ಆರಿಸಿಕೊಳ್ಳಿ. ಹಾಗೆ ಆರಿಸುವ ಅವಕಾಶ ಇಲ್ಲದವರು, ನಮ್ಮ ಎಂಟನೇ ಸೆಮಿಸ್ಟರಿನ ಹುಡುಗನಂಥವರು, ಇಂಟರ್ನ್‌ಶಿಪ್ ಒಪ್ಪಿಕೊಳ್ಳುವ ಮೊದಲೇ ವಾರಕ್ಕೆ 15 ಗಂಟೆ ಎಲ್ಲಿಂದ ಬರುತ್ತದೆ ಎಂದು ಕೇಳಿಕೊಳ್ಳಬೇಕು.

ಕೋರ್ಸ್ ಕೊಡುವವರ ಮೇಲೂ ಒಂದು ಹೊಣೆಯಿದೆ. ಯಾರು ಎಲ್ಲಿ ನಿಲ್ಲಿಸಿದರು, ಎಷ್ಟು ಸಲ ಹಿಂದಕ್ಕೆ ಹೋದರು ಎಂಬ ದಾಖಲೆ ಅವರ ಸರ್ವರಿನಲ್ಲೇ ಇರುತ್ತದೆ. ‘30 ಗಂಟೆ’ ಎಂದು ಬರೆಯುವ ಜಾಗದಲ್ಲಿ, ಕಳೆದ ಸಲ ಮುಗಿಸಿದವರಲ್ಲಿ ಅರ್ಧ ಜನಕ್ಕೆ ಇಷ್ಟು ಗಂಟೆ ಹಿಡಿಯಿತು, ನಿಧಾನವಾಗಿ ಕಲಿತವರಿಗೆ ಇಷ್ಟು ಎಂದು ಬರೆಯಲು ಕಷ್ಟವೇನಿಲ್ಲ. ಬರೆದರೆ ಸೇರುವವರ ಸಂಖ್ಯೆ ಇಳಿಯಬಹುದು ಎಂಬ ಭಯ ಇರಬಹುದು. ಆದರೆ ಸೇರುವವರ ಸಂಖ್ಯೆಗೆ ಬೆಲೆಯೆಷ್ಟು? ಹಾರ್ವರ್ಡ್ ಮತ್ತು ಎಂಐಟಿಯ ಆನ್‌ಲೈನ್ ಕೋರ್ಸುಗಳಲ್ಲಿ 2017–18ರಲ್ಲಿ ಪಾಲ್ಗೊಂಡವರ ಪೈಕಿ ಮುಗಿಸಿದವರು ನೂರಕ್ಕೆ ಮೂರು ಮಂದಿ ಮಾತ್ರ. ಹಣ ಕಟ್ಟಿ, ಮುಗಿಸಲೇಬೇಕೆಂದು ಕೂತವರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ನಡುವೆಯೇ ಬಿಟ್ಟರು.

ಬಿಟ್ಟವರೆಲ್ಲ ಲೆಕ್ಕ ತಪ್ಪಿಯೇ ಬಿಟ್ಟರು ಎನ್ನಲಾಗದು. ಆದರೆ ವಾರಕ್ಕೆ ಐದು ಗಂಟೆ ಸಾಕೆಂದು ನಂಬಿ ಸೇರಿ, ಹದಿನೈದು ಬೇಕಾದಾಗ ಹಿಂದೆ ಬಿದ್ದ ಹಳ್ಳಿಯ ಹುಡುಗ ಕೋರ್ಸನ್ನು ದೂರುವುದಿಲ್ಲ. ‘ನನ್ನ ಇಂಗ್ಲಿಷು ಸಾಲದು, ನನ್ನ ತಲೆಗೆ ಹತ್ತುವುದಿಲ್ಲ’ ಎಂದುಕೊಳ್ಳುತ್ತಾನೆ. ಮುಂದಿನ ಕೋರ್ಸಿಗೆ ಸೇರುವ ಧೈರ್ಯವನ್ನೇ ಕಳೆದುಕೊಳ್ಳುತ್ತಾನೆ. ಮೊದಲ ಪುಟದಲ್ಲೇ ಸರಿಯಾದ ಗಂಟೆ ಬರೆದಿದ್ದರೆ ಅವನು ಆ ಹದಿನೈದು ಗಂಟೆಯನ್ನು ಆರಂಭದಲ್ಲೇ ಎತ್ತಿಟ್ಟುಕೊಂಡು ಎರಡೂ ಕೋರ್ಸ್ ಮುಗಿಸುತ್ತಿದ್ದ.