ಮರಳಿನ ತೇವಕ್ಕೂ ಬಂತು ಕಾವಲು!

ಬೆಳಗಾವಿ: ಬಸ್ಸು ಹತ್ತಿ ಕೂತಾಗ ಬ್ರೇಕ್ ಡ್ರಮ್ಮಿನ ಯೋಚನೆ ಯಾರಿಗೆ ಬರ್ತದ ಹೇಳ್ರಿ? ಟಿಕೆಟ್ ತಗೊಂಡ್ವಿ, ಊರು ಬಂತು, ಇಳಿದ್ವಿ! ಆದರೆ ಆ ಡ್ರಮ್ಮು ಎರಕದ ಕಬ್ಬಿಣದ್ದು. ಅದರ ಒಡಲೊಳಗೆ ಗಾಳಿಗುಳ್ಳೆ ಉಳಿದಿದ್ದರೆ ಹೊರಗಿನಿಂದ ಕಾಣುವುದಿಲ್ಲ.

ಉದ್ಯಮಬಾಗದಂಥ ಕಡೆ ಫೌಂಡ್ರಿ ನಡೆಸುವವರಿಗೆ ಈ ಗುಳ್ಳೆ ಹಳೇ ವೈರಿ. ಅದು ಹುಟ್ಟುವುದು ಹೆಚ್ಚಾಗಿ ಅಚ್ಚಿನ ಮರಳಿನಿಂದ. ಮರಳಿಗೆ ಬೆಂಟೋನೈಟ್ ಎಂಬ ಜೇಡಿ, ನೀರು ಸೇರಿಸಿ ಕಲಸುತ್ತಾರೆ. 100 ಕೆ.ಜಿ.ಗೆ ಸುಮಾರು 3–4 ಕೆ.ಜಿ. ನೀರು. ಕಡಿಮೆಯಾದರೆ ಅಚ್ಚು ಉದುರುತ್ತದೆ. ಹೆಚ್ಚಾದರೆ, 1,350 ಡಿಗ್ರಿ ಆಸುಪಾಸಿನ ಕಬ್ಬಿಣ ಬಿದ್ದೊಡನೆ ನೀರು ಆವಿಯಾಗಿ ಸಾವಿರ ಪಟ್ಟಿಗೂ ಮಿಕ್ಕಿ ಹಿಗ್ಗುತ್ತದೆ. ದಾರಿ ಸಿಗದಿದ್ದರೆ ಕಬ್ಬಿಣದೊಳಗೇ ಠಿಕಾಣಿ!

ಹಿಂದೆಲ್ಲ ಮುಷ್ಟಿಯೇ ಮೀಟರ್. ಪಳಗಿದ ಮೋಲ್ಡರ್ ಹಿಡಿ ಮರಳು ಅದುಮಿ, ಮುರಿದು ನೋಡಿ, "ನೀರ ಜಾಸ್ತಿ ಆಗೇತ್ರಿ ಸಾಹೇಬ್ರ" ಎನ್ನುತ್ತಿದ್ದ. ಆ ಕೈಗೆ ಇಂದಿಗೂ ಬೆಲೆ ಇದೆ. ಆದರೆ ಎರಕದಿಂದ ವಾಪಸ್ ಬಂದ ಬಿಸಿ ಮರಳಿನ ತೇವ ಗಳಿಗೆಗೊಂದು ಥರ. ಪ್ರತಿ ಗಾಣಿಗೂ ಕೈ ಹಾಕುತ್ತಾ ಕೂರಲಾದೀತೇ?

ಈಗ ಆ ಕೆಲಸಕ್ಕೆ ಸೆನ್ಸರ್ ಬಂದಿದೆ. ಮರಳು ಕಲಸುವ ಯಂತ್ರದಲ್ಲಿ ತೇವ ಅಳೆಯಲು ಒಂದು, ಕರಗಿದ ಲೋಹದ ಶಾಖ ಅಳೆಯಲು ಇನ್ನೊಂದು. ಎರಡರ ಲೆಕ್ಕವೂ ಒಂದೇ ಕಂಪ್ಯೂಟರಿಗೆ. ಮಿತಿ ದಾಟಿತೋ, ಲೋಹ ಸುರಿಯುವ ಮೊದಲೇ ಗಂಟೆ! ಇಲ್ಲವಾದರೆ ದೋಷ ಬಯಲಾಗುವುದು ಲೇತ್ ಮೇಲೆ ಹೊರೆದಾಗ. ಕಬ್ಬಿಣವೇನೋ ಮತ್ತೆ ಕರಗೀತು. ಸುಟ್ಟ ಕರೆಂಟು, ಕೊಟ್ಟ ಪಗಾರ ವಾಪಸ್ ಬಂದೀತೇ? ಕೆಟ್ಟ ಮಾಲು ಯಾವ ಹೊತ್ತಿನ ಮರಳಿನದೆಂದೂ ಲೆಕ್ಕ ತೆಗೆದು ನೋಡಬಹುದು. "ಅಂವಾ ಮಾಡ್ಯಾನ, ಇಂವಾ ಮಾಡ್ಯಾನ" ಎಂಬ ಜಗಳಕ್ಕೆ ಕಡಿವಾಣ.

ಆದರೆ ಅಂಗಡಿಕಾರರಿಗೆ ಗೊತ್ತಿದ್ದ ಮಾತು: ತಕ್ಕಡಿಯನ್ನೂ ಆಗಾಗ ತಪಾಸಣೆ ಮಾಡಿಸಿ ಮುದ್ರೆ ಹಾಕಿಸಬೇಕು. ಸೆನ್ಸರಿಗೂ ಅದೇ ನ್ಯಾಯ. ಮರಳು ಮೆತ್ತಿಕೊಂಡ ಸೆನ್ಸರ್ ಸುಳ್ಳು ಹೇಳುತ್ತದೆ.

ಇನ್ನೊಂದು ಮಾತು. ಜಪಾನಿನ ಸಕಿಚಿ ಟೊಯೊಡಾ 1924ರಲ್ಲಿ ಪೂರ್ತಿಗೊಳಿಸಿದ ಮಗ್ಗ, ನೂಲು ಹರಿದರೆ ತಾನೇ ನಿಲ್ಲುತ್ತಿತ್ತು. ವಡಗಾವಿ, ಖಾಸಬಾಗದ ನೇಕಾರರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ನಿಲ್ಲುವುದೇ ಅಲ್ಲಿ ಗುಟ್ಟು! ಗಂಟೆ ಬಾರಿಸಿದಾಗ ಮಾಲೀಕರು "ಆರ್ಡರ್ ಅರ್ಜೆಂಟ್ ಐತಿ, ಸುರೀರಿ" ಎಂದರೆ ಲಕ್ಷದ ಯಂತ್ರವೂ ಗೋಡೆಯ ಕ್ಯಾಲೆಂಡರೂ ಒಂದೇ. ಕೆಲಸ ನಿಲ್ಲಿಸುವ ಅಧಿಕಾರ ಮರಳಿನ ಪಕ್ಕ ನಿಂತ ಕಾರ್ಮಿಕನಿಗೆ ಸಿಗಲಿ. ಬಸ್ಸಿನಲ್ಲಿ ಕೂತವರ ಜೀವ ಆ ಡ್ರಮ್ಮಿನ ಮೇಲಿದೆ.