ಮಳೆಯನ್ನು ಕುಂದರಿಸುವ ಹೊಲ

ವಿಜಯಪುರದಿಂದ ಡೋಣಿ ನದಿಯ ಕಡೆ ಹೊರಟರೆ ಜುಲೈ ತಿಂಗಳಲ್ಲಿ ಕಾಣುವುದು ಬರೀ ಕಪ್ಪು. ಬಹಳಷ್ಟು ಎರೆಹೊಲಗಳಲ್ಲಿ ಬೆಳೆಯೇ ಇಲ್ಲ. ಬಿಳಿಜೋಳ, ಕಡಲೆ ಹಿಂಗಾರಿಯವು. ಬಿತ್ತನೆ ಸೆಪ್ಟೆಂಬರ್ ನಡುವಿನ ಮೇಲೆ. ಅಲ್ಲಿಯವರೆಗೆ ಬಿದ್ದ ಮಳೆಯನ್ನು ಕುಡಿಯಲು ಮಣ್ಣೊಂದೇ ದಿಕ್ಕು.

ನಿನ್ನೆ ಸಂಜೆ ಜೋರು ಮಳೆಯಾಗಿದೆ. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿತು. ಬಿಚ್ಚಿ ಕೈಯಲ್ಲಿ ಹಿಡಿದೆ. ಎದುರಿನ ಹೊಲ ಚೌಕಾಬಾರದ ಮನೆಗಳಂತೆ ಗೆರೆಗೆರೆ. ಮನೆಮನೆಯಲ್ಲೂ ನೀರು. ಇವೇ ಚೌಕು ಮಡಿಗಳು.

"ನೀರು ಓಡಬಾರ್ದ್ರೀ ಸರ, ಬಿದ್ದಲ್ಲೇ ಕುಂದರಬೇಕು" ಎಂದರು ಹೊಲದ ಅಜ್ಜ.

ಎರೆಮಣ್ಣು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ನೆನೆದರೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲೆ ನೀರು ಇಂಗುವುದು ಬಲು ನಿಧಾನ. ಜೋರು ಮಳೆಗೆ ಅಷ್ಟು ಪುರುಸೊತ್ತಿಲ್ಲ, ಮೇಲ್ಮಣ್ಣನ್ನೂ ಹೊತ್ತುಕೊಂಡು ಡೋಣಿಯ ದಾರಿ ಹಿಡಿಯುತ್ತದೆ. ಒಂದು ಎಕರೆಗೆ 20 ಮಿ.ಮೀ. ಮಳೆಯೆಂದರೆ ಸುಮಾರು 80 ಸಾವಿರ ಲೀಟರ್ ನೀರು. ಟ್ಯಾಂಕರ್‌ನಲ್ಲಿ ತರಿಸಿದವರಿಗೆ ಇದರ ಬೆಲೆ ಹೇಳಬೇಕಿಲ್ಲ.

ಇಳಿಜಾರು ಶೇ. 1ಕ್ಕಿಂತ ಹೆಚ್ಚಿದ್ದರೆ 3 ಮೀಟರ್ ಚೌಕ, ಕಡಿಮೆಯಿದ್ದರೆ 4.5 ಮೀಟರ್ ಎಂಬುದು ಕೃಷಿ ವಿಜ್ಞಾನಿಗಳ ಶಿಫಾರಸು. ಅಜ್ಜನದು ಹೆಜ್ಜೆ ಲೆಕ್ಕ. ಬದು ಹಾಕುವ ಸಾಧನವನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಎಳೆಯಬೇಕು. ಎರಡನೆಯ ಸಲ ಎಳೆಯುವಾಗ ಮೊದಲಿನ ಬದು ಕೂಡಿದಲ್ಲೆಲ್ಲ ಒಡೆಯುತ್ತದೆ. ಆ ಬಾಯಿಗಳನ್ನು ಸಲಿಕೆಯಿಂದ ಒಂದೊಂದಾಗಿ ಮುಚ್ಚುವುದೇ ಬೇಸರದ ಕೆಲಸ. ಒಂದನ್ನು ಮರೆತರೂ ಮೇಲಿನ ಮಡಿಯ ನೀರು ಕೆಳಗಿನದಕ್ಕೆ ನುಗ್ಗಿ, ಸಾಲಾಗಿ ಒಡೆದುಕೊಂಡು ಹೋಗುತ್ತದೆ. ಮೂಲೆಯಲ್ಲಿ ನಿನ್ನೆ ಅದೇ ಆಗಿತ್ತು: ಮೂರು ಮಡಿ ಖಾಲಿ.

ಪಕ್ಕದ ಹೊಲ ಅಣ್ಣತಮ್ಮಂದಿರ ಪಾಲಿನಲ್ಲಿ ಇಳಿಜಾರಿನುದ್ದಕ್ಕೂ ಪಟ್ಟಿಯಾಗಿ ಸೀಳಿದೆ. ಉಳುಮೆಯೂ ಮೇಲಿಂದ ಕೆಳಕ್ಕೇ. ಪ್ರತಿ ಸಾಲೂ ಒಂದು ಕಾಲುವೆಯಾಗಿ ಕೊರೆದಿತ್ತು. "ಟ್ರ್ಯಾಕ್ಟರ್‌ನವ ತಾಸಿನ ಲೆಕ್ಕ ರೊಕ್ಕ ತಗೋತಾನ. ಅಡ್ಡ ಹೊಡಿ ಅಂದ್ರ ಹೊಳ್ಳಿಸೂದ ಹೆಚ್ಚು" ಎಂದು ಅಜ್ಜ ನೆರೆಯವನ ಪರವಾಗಿಯೇ ಮಾತಾಡಿದರು. ಮಡಿ ಬೇಡ, ಇಳಿಜಾರಿಗೆ ಅಡ್ಡವಾಗಿ ಹರಗಿದ್ದರೂ ಅರ್ಧ ತಂಟೆ ತಪ್ಪುತ್ತಿತ್ತು ಎಂದು ನನಗನಿಸಿತು. ನಾಲ್ಕು ಮಾರು ಅಗಲದ ಪಟ್ಟಿಯಲ್ಲಿ ಅಡ್ಡ ಹರಗುವುದು ಹೇಗೆ, ಅದು ಬೇರೆ ಮಾತು.

ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ 1930ರ ದಶಕದಿಂದಲೂ ನಡೆದಿದೆ. ಆದರೂ ರಸ್ತೆಯುದ್ದಕ್ಕೂ ಫಲಕ ಹೊತ್ತು ನಿಂತಿರುವುದು ದೊಡ್ಡ ಒಡ್ಡುಗಳೇ. ಚೌಕು ಮಡಿಗೆ ಫಲಕ ನೆಡುವುದಾದರೂ ಎಲ್ಲಿ? ಬಿತ್ತುವ ಮುಂಚೆ ಕುಂಟೆ ಹೊಡೆದು ಅವನ್ನೆಲ್ಲ ಅಳಿಸಿ, ಕೂರಿಗೆ ಹೂಡುತ್ತಾರೆ. ಬರುವ ಮಳೆಗಾಲಕ್ಕೆ ಮತ್ತೆ ಮೊದಲಿಂದ.

ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಅಜ್ಜ ಸಲಿಕೆ ಹಿಡಿದು ಒಡೆದ ಮೂಲೆಗೆ ನಡೆದರು.